ದುಡಿಮೆಯ ಅಳತೆಗೆ ತಕ್ಕ ಪರೀಕ್ಷೆ: ಉತ್ಪಾದಕತೆಯ ಅಧ್ಯಯನದಲ್ಲಿ ಸಂಖ್ಯಾಶಾಸ್ತ್ರೀಯ ವಿಧಾನದ ಆಯ್ಕೆ

ಕಾರ್ಖಾನೆಯಲ್ಲಾಗಲಿ, ಅಡಿಕೆಯ ಕಣದಲ್ಲಾಗಲಿ, ಮನೆಯ ಜಗಲಿಯ ಮೇಲಾಗಲಿ ನಡೆಯುವ ದುಡಿಮೆಯು ಹೆಚ್ಚಿತೆ, ಕುಗ್ಗಿತೆ ಎಂಬ ಪ್ರಶ್ನೆ ಅರ್ಥಶಾಸ್ತ್ರಕ್ಕೆ ಮಾತ್ರ ಸೇರಿದ್ದೆಂದು ಬಹುಕಾಲ ಭಾವಿಸಲಾಗಿತ್ತು. ಈಗ ಹಾಗಿಲ್ಲ. ಒಂದು ಊರಿನ ಚರಿತ್ರೆಯನ್ನು ಬರೆಯಹೊರಟವನು ಅರಸರ ವಂಶಾವಳಿಯಿಂದ ತೃಪ್ತನಾಗಲಾರ. ಹಾಜರಿ ಪುಸ್ತಕ, ಕೂಲಿಯ ಲೆಕ್ಕ, ಉತ್ಪನ್ನದ ದಾಖಲೆ ಇವೂ ಶಾಸನಗಳಷ್ಟೇ ಮುಖ್ಯವಾದ ಆಧಾರಗಳೆಂದು ಅವನು ಬಲ್ಲ. ಆದರೆ ಅಂಕಿಗಳು ಕೈಗೆ ಬಂದೊಡನೆ ಅವನಿಗೆ ಹೊಸದೊಂದು ತೊಡಕು ಎದುರಾಗುತ್ತದೆ. ಗಣಕಯಂತ್ರವು ಕೇಳಿದ ಪರೀಕ್ಷೆಯನ್ನೆಲ್ಲ ಕ್ಷಣಾರ್ಧದಲ್ಲಿ ಮಾಡಿಕೊಡುತ್ತದೆ. ಯಾವ ಪರೀಕ್ಷೆಯನ್ನು ಕೇಳಬೇಕೆಂಬುದನ್ನು ಮಾತ್ರ ಅದು ಹೇಳಿಕೊಡುವುದಿಲ್ಲ.

ಈ ಆಯ್ಕೆ ಕೇವಲ ಗಣಿತದ ಸೂಕ್ಷ್ಮವೆಂದು ತಿಳಿಯಬಾರದು. ತಪ್ಪು ಪರೀಕ್ಷೆಯಿಂದ ಹೊರಟ ತೀರ್ಮಾನವು ಕೂಲಿಯ ದರವನ್ನು ನಿರ್ಧರಿಸಬಹುದು; ದುಡಿದವರನ್ನು ಸೋಮಾರಿಗಳೆಂದು ಕರೆಯಿಸಬಹುದು; ಉಪಯೋಗಕ್ಕೆ ಬಾರದ ಯಂತ್ರಕ್ಕೆ ಹಣ ಸುರಿಸಬಹುದು. ಆದುದರಿಂದ ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲುಗಳ ದುಡಿಮೆಯ ಬಗೆಗಳನ್ನೇ ನಿದರ್ಶನವಾಗಿಟ್ಟುಕೊಂಡು, ಪರೀಕ್ಷೆಯ ಆಯ್ಕೆ ಹೇಗೆ ನಡೆಯಬೇಕೆಂಬುದನ್ನು ಪ್ರಕೃತ ಲೇಖನದಲ್ಲಿ ವಿಶದೀಕರಿಸಲು ಯತ್ನಿಸಿದ್ದೇವೆ. ಇಲ್ಲಿ ಲೆಕ್ಕ ಮಾಡಿ ತೋರಿಸಿರುವ ಅಂಕಿಗಳು ವಿವರಣೆಗಾಗಿ ನಾವು ಕಲ್ಪಿಸಿಕೊಂಡವು. ಯಾವ ಸ್ಥಳದಲ್ಲಿಯೂ ಅಳೆದು ತಂದವಲ್ಲ ಎಂಬುದನ್ನು ವಾಚಕರು ಮೊದಲೇ ಮನಸ್ಸಿನಲ್ಲಿಡಬೇಕು.

1. ಪ್ರಶ್ನೆ ಮೊದಲು, ಪರೀಕ್ಷೆ ಅನಂತರ

ಎಲ್ಲ ಪರೀಕ್ಷೆಗಳ ತರ್ಕವೂ ಮೂಲತಃ ಒಂದೇ. ನಾವು ಮಾಡಿದ ಬದಲಾವಣೆಯಿಂದ ಏನೂ ಆಗಿಲ್ಲವೆಂದು ವಾದಕ್ಕಾಗಿ ಒಪ್ಪಿಕೊಳ್ಳುತ್ತೇವೆ. ಇದಕ್ಕೆ ಶೂನ್ಯ ಕಲ್ಪನೆಯೆಂದು ಹೆಸರು. ಆ ಕಲ್ಪನೆ ನಿಜವಾಗಿದ್ದಲ್ಲಿ, ಕಂಡುಬಂದಿರುವಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸವು ಕೇವಲ ಆಕಸ್ಮಿಕವಾಗಿ ಒದಗುವ ಸಂಭವನೀಯತೆ ಎಷ್ಟು ಎಂದು ಕೇಳುತ್ತೇವೆ. ಆ ಸಂಭವನೀಯತೆ ಬಹು ಸ್ವಲ್ಪವಾದರೆ, ರೂಢಿಯಂತೆ ನೂರಕ್ಕೆ ಐದಕ್ಕಿಂತ ಕಡಿಮೆಯಾದರೆ, ವ್ಯತ್ಯಾಸವು ಸಾರ್ಥಕವೆನ್ನುತ್ತೇವೆ. ಈ ಐದರ ಗಡಿ ಪ್ರಕೃತಿನಿಯಮವಲ್ಲ. ವಿದ್ವಾಂಸರು ಮಾಡಿಕೊಂಡ ಒಪ್ಪಂದ ಮಾತ್ರ.

ಪರೀಕ್ಷೆಗಳು ಬೇರೆಬೇರೆಯಾಗುವುದು ‘ಆಕಸ್ಮಿಕ’ವನ್ನು ಲೆಕ್ಕ ಹಾಕುವ ಬಗೆಯಲ್ಲಿ. ಅದು ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ. ಅಳತೆಯ ಸ್ವರೂಪವೇನು: ತೂಕವೊ, ಸಮಯವೊ, ಎಣಿಕೆಯೊ, ಹೌದು-ಅಲ್ಲ ಎಂಬ ಉತ್ತರವೊ? ಹೋಲಿಸುತ್ತಿರುವುದು ಎರಡು ಗುಂಪುಗಳನ್ನೊ, ಹೆಚ್ಚನ್ನೊ? ಆ ಗುಂಪುಗಳಲ್ಲಿರುವವರು ಬೇರೆಬೇರೆ ಜನರೊ, ಒಬ್ಬರೇ ಎರಡು ಬಾರಿ ಅಳೆಯಲ್ಪಟ್ಟವರೊ? ಒಂದು ಅಂಕಿಯು ಇನ್ನೊಂದರಿಂದ ನಿಜವಾಗಿಯೂ ಸ್ವತಂತ್ರವೊ? ಈ ನಾಲ್ಕಕ್ಕೆ ಉತ್ತರ ದೊರೆತರೆ ಪರೀಕ್ಷೆಯ ಹೆಸರು ತಾನಾಗಿ ದೊರೆಯುತ್ತದೆ.

2. ಪರೀಕ್ಷೆಗಳು ಹುಟ್ಟಿದ ಬಗೆ

ಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಈ ಪರೀಕ್ಷೆಗಳಲ್ಲಿ ಹಲವು ಗಣಿತಜ್ಞನ ಏಕಾಂತದಲ್ಲಿ ಹುಟ್ಟಿದವಲ್ಲ. ಹೊಲ ಕಾರ್ಖಾನೆಗಳ ಅಗತ್ಯದಿಂದ ಹುಟ್ಟಿದವು. 1900ರಲ್ಲಿ ಕಾರ್ಲ್ ಪಿಯರ್ಸನ್ ಎಣಿಕೆಗಳನ್ನು ಹೋಲಿಸುವ ಕೈ-ವರ್ಗ ಪರೀಕ್ಷೆಯನ್ನು ಪ್ರಕಟಿಸಿದನು. 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಟಿ-ಪರೀಕ್ಷೆಯ ತಳಹದಿಯನ್ನು ಹಾಕಿದ ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಮದ್ಯದ ಕಾರ್ಖಾನೆಯ ನೌಕರ. ಕೆಲವೇ ಮಾದರಿಗಳಿಂದ ನಂಬತಕ್ಕ ತೀರ್ಮಾನಕ್ಕೆ ಬರುವುದು ಹೇಗೆಂಬುದು ಅವನ ನಿತ್ಯದ ಸಮಸ್ಯೆಯಾಗಿತ್ತು. ರೊನಾಲ್ಡ್ ಫಿಶರನು 1919ರಿಂದ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದುಕೊಂಡು ವಿಚಲನೆಯ ವಿಶ್ಲೇಷಣೆಯನ್ನೂ, ಚೀಟಿ ಎತ್ತಿ ಪ್ರಯೋಗವನ್ನು ಹಂಚುವ ಕ್ರಮವನ್ನೂ ಬೆಳೆಸಿದನು. 1945ರಲ್ಲಿ ದರ್ಜೆಗಳ ಮೇಲೆ ನಿಂತ ಪರೀಕ್ಷೆಗಳನ್ನು ಸೂಚಿಸಿದ ಫ್ರಾಂಕ್ ವಿಲ್ಕಾಕ್ಸನ್ ವೃತ್ತಿಯಿಂದ ರಸಾಯನಶಾಸ್ತ್ರಜ್ಞ.

ನಮ್ಮ ದೇಶವು ಈ ಶಾಸ್ತ್ರಕ್ಕೆ ಹೊರಗಿನದಾಗಿರಲಿಲ್ಲ. ಪ್ರಶಾಂತಚಂದ್ರ ಮಹಲನೋಬಿಸರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದು ಲೋಕಪ್ರಸಿದ್ಧರಾದ ಸಿ. ಆರ್. ರಾವ್ ಅವರು ಹುಟ್ಟಿದ್ದು 1920ರಲ್ಲಿ, ಇಂದು ಕರ್ನಾಟಕಕ್ಕೆ ಸೇರಿರುವ ಹೂವಿನಹಡಗಲಿಯಲ್ಲಿ. 1958ರಲ್ಲಿ ರಾಷ್ಟ್ರೀಯ ಉತ್ಪಾದಕತಾ ಮಂಡಲಿ ಸ್ಥಾಪಿತವಾದ ಮೇಲೆ ‘ಉತ್ಪಾದಕತೆ’ ಎಂಬ ಶಬ್ದ ನಮ್ಮ ಕಾರ್ಖಾನೆಗಳ ದಿನಬಳಕೆಗೆ ಬಂದಿತು.

3. ಗುಬ್ಬಿಯ ನಿದರ್ಶನ: ಒಬ್ಬರನ್ನೇ ಎರಡು ಬಾರಿ ಅಳೆದಾಗ

ಗುಬ್ಬಿಯ ಸೀಮೆ ತೆಂಗು ಅಡಿಕೆಗಳ ಸೀಮೆ. ಸುಗ್ಗಿಯಲ್ಲಿ ಅಡಿಕೆ ಸುಲಿಯುವವರಿಗೆ ಸುಲಿದಷ್ಟಕ್ಕೆ ಕೂಲಿ. ಸುಲಿಯುವವರ ಆಸನವನ್ನು ಎತ್ತರಿಸಿ ಬೆಳಕನ್ನು ಹೆಚ್ಚಿಸಿದರೆ ದಿನದ ಕೆಲಸ ಹೆಚ್ಚುವುದೆ ಎಂಬುದು ನಮ್ಮ ಪ್ರಶ್ನೆಯೆಂದಿಟ್ಟುಕೊಳ್ಳೋಣ. ಎಂಟು ಜನರ ದಿನದ ಸರಾಸರಿ ಕೆಲಸ, ಬದಲಾವಣೆಗೆ ಮೊದಲು, ಕಿಲೋಗಳಲ್ಲಿ: 32, 41, 28, 36, 50, 30, 44, 27. ಅದೇ ಎಂಟು ಜನರದು, ಅದೇ ಕ್ರಮದಲ್ಲಿ, ಬದಲಾವಣೆಯ ಅನಂತರ: 35, 43, 32, 35, 55, 36, 51, 35. ಮೊದಲಿನ ಸರಾಸರಿ 36, ಅನಂತರದ್ದು 40.25; ಹೆಚ್ಚಳ 4.25 ಕಿಲೋ.

ಇವನ್ನು ಎರಡು ಬೇರೆ ಗುಂಪುಗಳೆಂದು ಭಾವಿಸಿ ಸಾಮಾನ್ಯ ಟಿ-ಪರೀಕ್ಷೆಯನ್ನು ಮಾಡಿದರೆ ಟಿ-ಯ ಬೆಲೆ ಸುಮಾರು 1.01 ಬರುತ್ತದೆ. ಸಾರ್ಥಕವೆನ್ನಿಸಿಕೊಳ್ಳಲು ಅದು 2.145ನ್ನು ಮೀರಬೇಕು. ‘ಬದಲಾವಣೆಯಿಂದ ಪ್ರಯೋಜನ ಕಾಣಲಿಲ್ಲ’ ಎಂದು ವರದಿ ಹೊರಡುತ್ತದೆ. ಇಲ್ಲಿ ಆಗಿರುವುದೇನು? ದಿನಕ್ಕೆ 50 ಕಿಲೋ ಸುಲಿಯುವ ನುರಿತ ಕೈಗೂ 27 ಕಿಲೋ ಸುಲಿಯುವ ಹೊಸ ಕೈಗೂ ಇರುವ ಸಹಜವಾದ ಅಂತರವೆಲ್ಲ ‘ಆಕಸ್ಮಿಕ’ದ ಖಾತೆಗೆ ಸೇರಿಹೋಗಿದೆ. ಆ ದೊಡ್ಡ ಏರಿಳಿತದ ನಡುವೆ ನಾಲ್ಕು ಕಿಲೋಗಳ ಹೆಚ್ಚಳ ಮುಳುಗಿಹೋಗಿದೆ.

ವಾಸ್ತವವಾಗಿ ನಾವು ಕೇಳಬೇಕಾದುದು ಪ್ರತಿಯೊಬ್ಬರ ಕೆಲಸ ತಮ್ಮ ಹಿಂದಿನ ಕೆಲಸಕ್ಕಿಂತ ಎಷ್ಟು ಬದಲಾಯಿತೆಂಬುದನ್ನು. ಆ ವ್ಯತ್ಯಾಸಗಳು: 3, 2, 4, ಋಣ 1, 5, 6, 7, 8. ಇವುಗಳ ಸರಾಸರಿ ಅದೇ 4.25, ಮಾನಕ ವಿಚಲನೆ ಸುಮಾರು 2.92. ಜೋಡಿ ಟಿ-ಪರೀಕ್ಷೆಯಲ್ಲಿ ಟಿ-ಯ ಬೆಲೆ 4.12, ಮೀರಬೇಕಾದ ಗಡಿ 2.365. ಅಂಕಿಗಳು ಅವೇ, ಹೆಚ್ಚಳವೂ ಅದೇ. ತೀರ್ಮಾನ ಮಾತ್ರ ಬೇರೆ. ಒಬ್ಬರನ್ನೇ ಎರಡು ಬಾರಿ ಅಳೆದಲ್ಲಿ ಜೋಡಿಯನ್ನು ಮುರಿಯಬಾರದೆಂಬ ನಿಯಮಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಜೋಡಿ ಟಿ-ಪರೀಕ್ಷೆಯು ವ್ಯತ್ಯಾಸಗಳು ಗಂಟೆಯಾಕಾರದ ಸಾಮಾನ್ಯ ವಿತರಣೆಗೆ ಹತ್ತಿರವಾಗಿವೆಯೆಂದು ಅಪೇಕ್ಷಿಸುತ್ತದೆ. ಇರುವವರು ಎಂಟೇ ಜನರಾದಾಗ ಅದನ್ನು ಪರಿಶೀಲಿಸುವುದು ಕಷ್ಟ. ಆಗ ವಿಲ್ಕಾಕ್ಸನ್ನನ ಚಿಹ್ನಾದರ್ಜೆ ಪರೀಕ್ಷೆ ನೆರವಿಗೆ ಬರುತ್ತದೆ. ಚಿಹ್ನೆಯನ್ನು ಬದಿಗಿಟ್ಟು ವ್ಯತ್ಯಾಸಗಳಿಗೆ ಚಿಕ್ಕದರಿಂದ ದೊಡ್ಡದರವರೆಗೆ ಒಂದರಿಂದ ಎಂಟರ ದರ್ಜೆ ಕೊಟ್ಟು, ಋಣ ವ್ಯತ್ಯಾಸಗಳ ದರ್ಜೆಗಳನ್ನು ಕೂಡಿಸಬೇಕು. ಇಲ್ಲಿ ಆ ಮೊತ್ತ ಒಂದು ಮಾತ್ರ. ಎಂಟು ವ್ಯತ್ಯಾಸಗಳಿಗೆ ಧನ ಋಣ ಚಿಹ್ನೆಗಳು 256 ವಿಧವಾಗಿ ಬರಬಹುದು. ಅವುಗಳಲ್ಲಿ ಋಣದ ಮೊತ್ತ ಒಂದನ್ನು ಮೀರದಿರುವುದು ಎರಡೇ ವಿಧ. ವಿರುದ್ಧ ದಿಕ್ಕಿನ ಎರಡನ್ನೂ ಸೇರಿಸಿದರೆ 256ರಲ್ಲಿ 4, ಎಂದರೆ ನೂರಕ್ಕೆ ಸುಮಾರು ಒಂದೂವರೆ. ದೊಡ್ಡ ಗಣಿತವಿಲ್ಲದೆ, ಕೈಯಿಂದಲೇ ಮಾಡಬಹುದಾದ ಲೆಕ್ಕವಿದು.

ಇನ್ನೂ ಸರಳವಾದ ಚಿಹ್ನಾಪರೀಕ್ಷೆ ವ್ಯತ್ಯಾಸದ ಗಾತ್ರವನ್ನೇ ಬಿಟ್ಟು, ಎಂಟರಲ್ಲಿ ಏಳು ಜನರದು ಹೆಚ್ಚಿತೆಂಬುದನ್ನು ಮಾತ್ರ ನೋಡುತ್ತದೆ. ಅದರ ಪ್ರಕಾರ ಸಂಭವನೀಯತೆ 256ರಲ್ಲಿ 18, ನೂರಕ್ಕೆ ಏಳು. ಐದರ ಗಡಿಯನ್ನು ಅದು ದಾಟುವುದಿಲ್ಲ. ಮಾಹಿತಿಯನ್ನು ಕಡಿಮೆ ಬಳಸಿದ ಪರೀಕ್ಷೆಯ ಶಕ್ತಿಯೂ ಕಡಿಮೆಯೆಂಬುದು ಇದರಿಂದ ವೇದ್ಯವಾಗುತ್ತದೆ. ಆದರೆ ಮೂರನ್ನೂ ಮಾಡಿ ನೋಡಿ ಬೇಕಾದ ಉತ್ತರ ಕೊಟ್ಟದ್ದನ್ನು ಆರಿಸಿಕೊಳ್ಳುವುದು ಶಾಸ್ತ್ರವಲ್ಲ. ಯಾವ ಪರೀಕ್ಷೆಯೆಂಬುದನ್ನು ಅಂಕಿಗಳನ್ನು ನೋಡುವ ಮೊದಲೇ ಬರೆದಿಡಬೇಕು.

ಸಾರ್ಥಕವೆಂದು ಹೇಳಿ ನಿಲ್ಲಿಸುವುದೂ ಸಾಲದು. ಹೆಚ್ಚಳದ ಗಾತ್ರವನ್ನು ಹೇಳಬೇಕು. ಮೇಲಿನ ಅಂಕಿಗಳಿಂದ ನೂರಕ್ಕೆ ತೊಂಬತ್ತೈದರ ವಿಶ್ವಾಸ ವ್ಯಾಪ್ತಿಯನ್ನು ಕಟ್ಟಿದರೆ ಅದು ಸುಮಾರು 1.8ರಿಂದ 6.7 ಕಿಲೋಗಳವರೆಗೆ ಹರಡಿದೆ. ಆಸನಕ್ಕೂ ದೀಪಕ್ಕೂ ಹಣ ಹಾಕುವವನಿಗೆ ಬೇಕಾದುದು ಈ ಅಂಕಿ. ಲಾಭವು ಎರಡು ಕಿಲೋ ಮಾತ್ರವಾದರೂ ವೆಚ್ಚ ಹಿಂದಿರುಗುವುದೆ ಎಂದು ಅವನು ಲೆಕ್ಕ ಹಾಕಬಹುದು.

4. ತುಮಕೂರಿನ ನಿದರ್ಶನ: ಎರಡು ಬೇರೆ ಗುಂಪುಗಳು

ತುಮಕೂರು ನಗರದಲ್ಲಿ ಬೀಡಿ ಕಟ್ಟುವುದು ಅನೇಕ ಮನೆಗಳ ಹೆಂಗಸರ ಜೀವನೋಪಾಯ. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆಯು ಎಲೆ ಹೊಗೆಸೊಪ್ಪುಗಳನ್ನು ಮನೆಗೆ ಒಯ್ದು ಕಟ್ಟಿಕೊಡುವವರನ್ನೂ ಕೆಲಸಗಾರರೆಂದೇ ಪರಿಗಣಿಸಿತು. ಕೂಲಿ ಸಾವಿರದ ಲೆಕ್ಕದಲ್ಲಿ. ಈಗ ತರಬೇತಿ ಪಡೆಯದ ಐವರ ದಿನದ ಎಣಿಕೆ 620, 680, 700, 730, 1600 ಎಂದೂ, ತರಬೇತಿ ಪಡೆದ ಬೇರೆ ಐವರದು 750, 800, 820, 860, 900 ಎಂದೂ ಭಾವಿಸೋಣ.

ಸರಾಸರಿ ತೆಗೆದರೆ ಮೊದಲ ಗುಂಪು 866, ಎರಡನೆಯದು 826. ತರಬೇತಿಯಿಂದ ಕೆಲಸ ಕುಗ್ಗಿತೆಂದು ಹೇಳಬೇಕಾಗುತ್ತದೆ! ಮಧ್ಯದಲ್ಲಿ ನಿಲ್ಲುವ ಅಂಕಿಯಾದ ಮಧ್ಯಾಂಕವನ್ನು ನೋಡಿದರೆ ಮೊದಲನೆಯದು 700, ಎರಡನೆಯದು 820. ಸರಾಸರಿಯನ್ನು ಎಳೆದಿರುವುದು 1600 ಎಂಬ ಒಂದೇ ಅಂಕಿ. ಇಂಥ ಅಂಕಿಯನ್ನು ಕಂಡೊಡನೆ ಹೊಡೆದುಹಾಕುವುದೂ ತಪ್ಪು, ಕಣ್ಣುಮುಚ್ಚಿ ಕೂಡಿಸುವುದೂ ತಪ್ಪು. ಅದು ಎಲ್ಲಿಂದ ಬಂದಿತೆಂದು ವಿಚಾರಿಸಬೇಕು. ಮನೆಯಲ್ಲಿ ಕಟ್ಟುವ ಬೀಡಿಯ ವಿಷಯದಲ್ಲಿ ಕಾರಣ ಸುಲಭವಾಗಿ ಊಹಿಸತಕ್ಕದ್ದು: ಲೆಕ್ಕದ ಪುಸ್ತಕದಲ್ಲಿ ಹೆಸರು ಒಬ್ಬರದು, ಕಟ್ಟಿದ ಕೈಗಳು ತಾಯಿ ಮಗಳು ಸೊಸೆ ಮೂವರವು. ಹೀಗಿರುವಲ್ಲಿ ನಾವು ಅಳೆಯುತ್ತಿರುವುದು ಒಬ್ಬರ ಉತ್ಪಾದಕತೆಯನ್ನಲ್ಲ, ಒಂದು ಮನೆಯ ಉತ್ಪನ್ನವನ್ನು. ಈ ದೋಷವನ್ನು ಯಾವ ಪರೀಕ್ಷೆಯೂ ಸರಿಪಡಿಸಲಾರದು, ಅಳತೆಯನ್ನೇ ತಿದ್ದಬೇಕು.

ಅಳತೆ ಸರಿಯಾಗಿದ್ದು ಅಂಕಿಗಳು ಮಾತ್ರ ಒಂದು ಕಡೆಗೆ ವಾಲಿದ್ದರೆ, 1947ರಲ್ಲಿ ಪ್ರಕಟವಾದ ಮಾನ್-ವಿಟ್ನಿ ಪರೀಕ್ಷೆ ಯೋಗ್ಯ. ಎರಡು ಗುಂಪುಗಳಿಂದ ಒಬ್ಬೊಬ್ಬರನ್ನು ತೆಗೆದು 25 ಜೊತೆಗಳನ್ನು ಮಾಡಿ, ಎಷ್ಟು ಜೊತೆಗಳಲ್ಲಿ ತರಬೇತಿ ಪಡೆದವರು ಮುಂದಿದ್ದಾರೆಂದು ಎಣಿಸಬೇಕು. ಇಲ್ಲಿ 25ರಲ್ಲಿ 20. ಬಹಳವೆಂದು ತೋರುತ್ತದೆ. ಆದರೆ ಹತ್ತು ಜನರನ್ನು ಐದೈದರಂತೆ ಹಂಚಬಹುದಾದ 252 ವಿಧಗಳಲ್ಲಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ, ಎರಡು ದಿಕ್ಕಿನಲ್ಲಿಯೂ ಸೇರಿ, 38 ವಿಧಗಳಲ್ಲಿ ಬರುತ್ತದೆ. ನೂರಕ್ಕೆ ಸುಮಾರು ಹದಿನೈದು. ಆದುದರಿಂದ ತರಬೇತಿಯ ಪರವಾಗಿಯೂ ವಿರೋಧವಾಗಿಯೂ ಹೇಳಲು ಈ ಹತ್ತು ಅಂಕಿಗಳು ಸಾಲವು. ‘ವ್ಯತ್ಯಾಸ ಸಿದ್ಧವಾಗಲಿಲ್ಲ’ ಎಂಬುದಕ್ಕೂ ‘ವ್ಯತ್ಯಾಸವಿಲ್ಲ’ ಎಂಬುದಕ್ಕೂ ಇರುವ ಭೇದವನ್ನು ವರದಿ ಬರೆಯುವವರು ಎಂದೂ ಮರೆಯಬಾರದು. ಮೊದಲನೆಯದು ನಮ್ಮ ಅಂಕಿಗಳ ಬಡತನವನ್ನು ಹೇಳುತ್ತದೆ, ಎರಡನೆಯದು ಜಗತ್ತಿನ ಬಗ್ಗೆ ಹೇಳುತ್ತದೆ.

ಗುಂಪುಗಳು ಸಾಕಷ್ಟು ದೊಡ್ಡವಾಗಿದ್ದು ಅಂಕಿಗಳು ಸಮತೂಕವಾಗಿ ಹರಡಿದ್ದರೆ ಟಿ-ಪರೀಕ್ಷೆಯನ್ನೇ ಬಳಸಬಹುದು. ಆಗಲೂ ಒಂದು ಗುಂಪಿನ ಏರಿಳಿತ ಇನ್ನೊಂದಕ್ಕಿಂತ ಹೆಚ್ಚಿರುವ ಸಂಭವವಿರುವುದರಿಂದ, ಎರಡೂ ಸಮವೆಂದು ಭಾವಿಸದ ವೆಲ್ಷನ ರೂಪವೇ ಸುರಕ್ಷಿತ.

5. ಎಣಿಕೆಯ ಮೋಹ

ಬೀಡಿಯ ಕೆಲಸದಲ್ಲಿ ಕೂಲಿಯನ್ನು ತಿನ್ನುವುದು ತಿರಸ್ಕಾರ. ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿಗೆ ಕೂಲಿಯಿಲ್ಲವೆಂದರೆ ದಿನದ ಗಳಿಕೆ ಅಷ್ಟು ಇಳಿಯುತ್ತದೆ. ಈ ವ್ಯಾಜ್ಯ ಎಷ್ಟು ಸಾಮಾನ್ಯವಾಗಿತ್ತೆಂದರೆ, 1966ರ ಕಾಯಿದೆಯಲ್ಲಿಯೇ ಬೀಡಿಯ ತಿರಸ್ಕಾರದ ವಿವಾದಗಳ ತೀರ್ಮಾನಕ್ಕೆ ವಿಧಿಯನ್ನು ಸೇರಿಸಲಾಗಿತ್ತು.

ಒಂದು ಮೊಹಲ್ಲೆಯ ನಾಲ್ವರು ತಲಾ 500ರಂತೆ ಕಟ್ಟಿದ 2000 ಬೀಡಿಗಳಲ್ಲಿ 60, ಇನ್ನೊಂದು ಮೊಹಲ್ಲೆಯ ನಾಲ್ವರ 2000ದಲ್ಲಿ 90 ತಿರಸ್ಕೃತವಾದುವೆನ್ನೋಣ. ಹೌದು-ಅಲ್ಲ ಎಂಬ ಎಣಿಕೆಗೆ ಕೈ-ವರ್ಗ ಪರೀಕ್ಷೆಯೇ ರೂಢಿ. ಅದರ ಬೆಲೆ ಇಲ್ಲಿ ಸುಮಾರು 6.23, ಗಡಿ 3.84. ಎರಡನೆಯ ಮೊಹಲ್ಲೆಯವರ ಕೆಲಸ ಕಳಪೆಯೆಂದು ‘ಸಿದ್ಧ’ವಾಯಿತು. ಈಗ ಒಬ್ಬೊಬ್ಬರ ಲೆಕ್ಕವನ್ನು ಬಿಡಿಸಿ ನೋಡೋಣ. ಮೊದಲ ಮೊಹಲ್ಲೆ: 14, 15, 15, 16. ಎರಡನೆಯದು: 14, 15, 16, 45. ಮೂವರು ಎಲ್ಲರಂತೆಯೇ ಇದ್ದಾರೆ. ಒಬ್ಬರಿಗೆ ಮಾತ್ರ ಏನೋ ಆಗಿದೆ. ಒಣಗಿ ಬಿರಿದ ಎಲೆಯ ಕಟ್ಟು ಅವರ ಪಾಲಿಗೆ ಬಂದಿರಬಹುದು, ಕಾಯಿಲೆಯಿರಬಹುದು.

ಕೈ-ವರ್ಗ ಪರೀಕ್ಷೆಯು 4000 ಬೀಡಿಗಳನ್ನು 4000 ಸ್ವತಂತ್ರ ಸಾಕ್ಷಿಗಳೆಂದು ನಂಬಿತ್ತು. ನಿಜದಲ್ಲಿ ಸಾಕ್ಷಿಗಳು ಎಂಟು ಜನ. ಒಂದೇ ಕೈಯಿಂದ, ಒಂದೇ ಎಲೆಯ ಕಟ್ಟಿನಿಂದ ಹೊರಟ 500 ಬೀಡಿಗಳು ಒಂದರಿಂದೊಂದು ಸ್ವತಂತ್ರವಲ್ಲ. ಲೆಕ್ಕದ ಘಟಕವನ್ನು ಬೀಡಿಯಿಂದ ಮನುಷ್ಯರಿಗೆ ಬದಲಿಸಿದೊಡನೆ ಆ ಸಾರ್ಥಕತೆ ಕರಗಿಹೋಗುತ್ತದೆ. ಉತ್ಪಾದಕತೆಯ ಅಧ್ಯಯನಗಳಲ್ಲಿ ಇಷ್ಟು ಅನ್ಯಾಯವನ್ನು ಇಷ್ಟು ಸುಲಭವಾಗಿ ಮಾಡುವ ತಪ್ಪು ಬೇರೆ ಅಪರೂಪ: ಒಂದು ಕಟ್ಟು ಎಲೆಯ ದೋಷವನ್ನು ಒಂದು ಮೊಹಲ್ಲೆಯ ದೋಷವೆಂದು ಅದು ದಾಖಲೆ ಮಾಡಿಬಿಡುತ್ತದೆ. ಒಬ್ಬರೇ ಮೊದಲೂ ಅನಂತರವೂ ಹೌದು-ಅಲ್ಲ ಎಂಬ ಉತ್ತರ ಕೊಟ್ಟಲ್ಲಿಯೂ ಕೈ-ವರ್ಗದ ಸಾಮಾನ್ಯ ರೂಪ ಸಲ್ಲದು; ಅಲ್ಲಿ ಉತ್ತರ ಬದಲಿಸಿದವರನ್ನು ಮಾತ್ರ ಎಣಿಸುವ, 1947ರ ಮ್ಯಾಕ್ನೆಮರ್ ಪರೀಕ್ಷೆಯನ್ನು ಬಳಸಬೇಕು.

6. ಕುಣಿಗಲಿನ ನಿದರ್ಶನ: ಮೂರು ಬಗೆಗಳ ಹೋಲಿಕೆ

ಕುಣಿಗಲು ಕುದುರೆಯ ಫಾರಮಿಗೆ ಹೆಸರಾದಂತೆ ರೇಷ್ಮೆಗೂ ಹೆಸರಾದದ್ದು; ಮೈಸೂರು ತಳಿಯ ಬಿತ್ತನೆ ಗೂಡಿನ ಪ್ರದೇಶಗಳಲ್ಲಿ ಅದೂ ಒಂದು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಚಂದ್ರಂಕಿಗಳಲ್ಲಿ ಬಿದಿರಿನದು, ಪ್ಲಾಸ್ಟಿಕ್ಕಿನದು, ತಿರುಗುವುದು ಎಂದು ಮೂರು ಬಗೆಗಳಿವೆ. ಒಂದು ಕಿಲೋ ಗೂಡು ಬಿಡಿಸಲು ಯಾವುದರಲ್ಲಿ ಕಡಿಮೆ ಸಮಯ ಹಿಡಿಯುತ್ತದೆಂಬುದು ಪ್ರಶ್ನೆಯಾಗಿರಲಿ.

ಇಲ್ಲಿ ಮೊದಲನೆಯ ಪ್ರಲೋಭನೆ ಎರಡೆರಡನ್ನಾಗಿ ತೆಗೆದುಕೊಂಡು ಮೂರು ಬಾರಿ ಟಿ-ಪರೀಕ್ಷೆ ಮಾಡುವುದು. ಪ್ರತಿ ಪರೀಕ್ಷೆಯಲ್ಲಿಯೂ ನೂರಕ್ಕೆ ಐದರಷ್ಟು ಸುಳ್ಳು ಫಲದ ಅಪಾಯವಿರುವುದರಿಂದ, ಅವು ಸ್ವತಂತ್ರವೆಂದು ಭಾವಿಸಿದರೆ ಮೂರರಲ್ಲಿ ಒಂದಾದರೂ ಸುಳ್ಳಾಗುವ ಅಪಾಯ ನೂರಕ್ಕೆ ಹದಿನಾಲ್ಕಕ್ಕೆ ಏರುತ್ತದೆ. ಐದು ಬಗೆಗಳಿದ್ದರೆ ಹೋಲಿಕೆಗಳು ಹತ್ತು. ಅಪಾಯ ನೂರಕ್ಕೆ ನಲವತ್ತು. ಚೀಟಿಯನ್ನು ಹತ್ತು ಬಾರಿ ಎತ್ತಿದವನಿಗೆ ಒಮ್ಮೆ ಗೆಲುವಾಗುವುದು ಸೋಜಿಗವೇನಲ್ಲ. ಆದುದರಿಂದ ಮೊದಲು ಮೂರನ್ನೂ ಒಟ್ಟಿಗೆ ತೂಗುವ ಪರೀಕ್ಷೆಯನ್ನು ಮಾಡಿ, ಅಲ್ಲಿ ವ್ಯತ್ಯಾಸ ಕಂಡರೆ ಮಾತ್ರ, ಗಡಿಯನ್ನು ಬಿಗಿಮಾಡಿಕೊಂಡು, ಎರಡೆರಡನ್ನು ಹೋಲಿಸಬೇಕು.

ಒಟ್ಟಿಗೆ ತೂಗುವ ಪರೀಕ್ಷೆ ಯಾವುದು? ಬೇರೆಬೇರೆ ಮನೆಗಳವರು ಒಂದೊಂದು ಬಗೆಯನ್ನು ಬಳಸಿದ್ದರೆ ಫಿಶರನ ವಿಚಲನೆಯ ವಿಶ್ಲೇಷಣೆ. ಅಂಕಿಗಳು ವಾಲಿದ್ದರೆ ಅದಕ್ಕೆ ಬದಲು 1952ರ ಕ್ರಸ್ಕಲ್-ವಾಲಿಸ್ ಪರೀಕ್ಷೆ. ಪ್ರತಿಯೊಂದು ಮನೆಯವರೂ ಮೂರು ಬಗೆಗಳನ್ನೂ ಬಳಸಿದ್ದರೆ ಮನೆಯನ್ನು ಒಂದು ಘಟಕವಾಗಿಟ್ಟುಕೊಂಡ ವಿಚಲನೆಯ ವಿಶ್ಲೇಷಣೆ. ವಾಲಿದ ಅಂಕಿಗಳಿಗೆ 1937ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಸೂಚಿಸಿದ ದರ್ಜೆಯ ಪರೀಕ್ಷೆ. ಸಮಯದ ಅಳತೆ ಸಾಮಾನ್ಯವಾಗಿ ಒಂದು ಕಡೆಗೆ ವಾಲಿರುತ್ತದೆ. ಕೆಲಸ ಬೇಗ ಮುಗಿಯುವುದಕ್ಕೆ ಮಿತಿಯುಂಟು, ತಡವಾಗುವುದಕ್ಕೆ ಮಿತಿಯಿಲ್ಲ. ಆದಕಾರಣ ಇಲ್ಲಿ ದರ್ಜೆಯ ಪರೀಕ್ಷೆಗಳಿಗೆ ಮೊದಲ ಮನ್ನಣೆ ಸಲ್ಲುತ್ತದೆ.

7. ಕಾಲಕ್ರಮದಲ್ಲಿ ಬಂದ ಅಂಕಿಗಳು

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಅದು ಉದ್ಘಾಟನೆಗೊಂಡಿತು. ಆರಂಭದಲ್ಲಿ ವರ್ಷಕ್ಕೆ ಸುಮಾರು 30 ಹೆಲಿಕಾಪ್ಟರುಗಳ ಉತ್ಪಾದನೆ ಅದರ ಉದ್ದೇಶ. ಇಂಥ ಕಾರ್ಖಾನೆಯಲ್ಲಿ ಮೊದಲ ಹತ್ತು ಯಂತ್ರಗಳಿಗೂ ಮುಂದಿನ ಹತ್ತಕ್ಕೂ ಹಿಡಿದ ಗಂಟೆಗಳನ್ನು ಟಿ-ಪರೀಕ್ಷೆಯಿಂದ ಹೋಲಿಸಿ, ನಡುವೆ ಬಂದ ಹೊಸ ಆಡಳಿತ ಕ್ರಮದಿಂದ ದುಡಿಮೆ ಸುಧಾರಿಸಿತೆಂದು ಯಾರಾದರೂ ಹೇಳಿದರೆ ನಂಬಬಹುದೆ? ವಿಮಾನ ತಯಾರಿಕೆಯಲ್ಲಿ ಒಟ್ಟು ಉತ್ಪನ್ನವು ಇಮ್ಮಡಿಯಾದಂತೆಲ್ಲ ಒಂದೊಂದಕ್ಕೆ ತಗಲುವ ಶ್ರಮವು ಹಿಂದಿನದರ ನೂರಕ್ಕೆ ಎಂಬತ್ತರಷ್ಟಕ್ಕೆ ಇಳಿಯುತ್ತದೆಂದು 1936ರಷ್ಟು ಹಿಂದೆಯೇ ಟಿ. ಪಿ. ರೈಟ್ ತೋರಿಸಿದ್ದನು. ಕೈ ಪಳಗುವುದರಿಂದಲೇ ಬರುವ ಇಳಿತವಿದು. ಇಲ್ಲಿ ಬೇಕಾದುದು ಎರಡು ಸರಾಸರಿಗಳ ಹೋಲಿಕೆಯಲ್ಲ. ಕಲಿಕೆಯ ರೇಖೆಯನ್ನು ಎಳೆದು, ಹೊಸ ಕ್ರಮದ ಅನಂತರ ಅಂಕಿಗಳು ಆ ರೇಖೆಯಿಂದ ಕೆಳಗಿಳಿದುವೆ ಎಂದು ನೋಡುವ ಹಿಂಚಲನೆಯ ವಿಶ್ಲೇಷಣೆ.

ತುಮಕೂರಿನ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯ ಕಥೆ ಇದರ ಇನ್ನೊಂದು ಮುಖ. 1970ರ ದಶಕದ ಕೊನೆಯಲ್ಲಿ ಆರಂಭವಾದ ಆ ಕಾರ್ಖಾನೆ ಒಂದು ತಲೆಮಾರಿಗೆ ಅನ್ನವನ್ನೂ ಅಭಿಮಾನವನ್ನೂ ಕೊಟ್ಟಿತು. 2016ರಲ್ಲಿ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಇಂಥ ಕಾರ್ಖಾನೆಗಳ ಕೊನೆಯ ವರ್ಷಗಳ ಉತ್ಪನ್ನವನ್ನು ಕೆಲಸಗಾರರ ಸಂಖ್ಯೆಯಿಂದ ಭಾಗಿಸಿ, ಮೊದಲ ವರ್ಷಗಳೊಡನೆ ಹೋಲಿಸಿದರೆ ಯಾವ ಪರೀಕ್ಷೆಯೂ ‘ಸಾರ್ಥಕ’ ಇಳಿತವನ್ನೇ ತೋರಿಸುವುದು ಸಂಭವ. ಆದರೆ ಆ ಭಾಗಾಕಾರದ ಮೇಲಿನ ಅಂಕಿ ಕೆಲಸಗಾರರ ಕೈಯಲ್ಲಿರುವುದಲ್ಲ. 1980ರ ದಶಕದಿಂದ ಕ್ವಾರ್ಟ್ಸ್ ಗಡಿಯಾರಗಳೂ, 1984ರಲ್ಲಿ ಸ್ಥಾಪಿತವಾದ ಟೈಟನ್ನಿನಂಥ ಪ್ರತಿಸ್ಪರ್ಧಿಯೂ ಬಂದು ಬೇಡಿಕೆಯೇ ಬದಲಾಯಿತು. ಬೇಡಿಕೆಯಿಲ್ಲದೆ ನಿಂತ ಯಂತ್ರದ ಮುಂದೆ ಕುಳಿತವರ ಉತ್ಪಾದಕತೆ ಕಾಗದದ ಮೇಲೆ ಕುಗ್ಗಲೇಬೇಕು. ಅದನ್ನು ದುಡಿಯುವ ಮನಸ್ಸಿನ ಕುಂದೆಂದು ಓದುವುದು ಸಂಖ್ಯಾಶಾಸ್ತ್ರದ ದೋಷವಲ್ಲ, ಓದುವವರ ದೋಷ. ಕಾರ್ಖಾನೆ ಕಳೆದುಕೊಂಡ ಊರಿನ ಚರಿತ್ರೆಯನ್ನು ಬರೆಯುವವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು.

8. ಪರೀಕ್ಷೆಯಿಂದ ಆಗದ ಕೆಲಸ

ಅಮೆರಿಕದ ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳು ಪ್ರಸಿದ್ಧವಾಗಿವೆ. ಬೆಳಕನ್ನು ಹೆಚ್ಚಿಸಿದರೂ ತಗ್ಗಿಸಿದರೂ ಕೆಲಸ ಹೆಚ್ಚಿತು. ಗಮನಿಸಲ್ಪಡುತ್ತಿದ್ದೇವೆಂಬ ಅರಿವೇ ಅದಕ್ಕೆ ಕಾರಣ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ನೆಲೆಸಿತು. ಆದರೆ ಬೆಳಕಿನ ಪ್ರಯೋಗದ ಮೂಲ ಅಂಕಿಗಳನ್ನು ಹುಡುಕಿ ತೆಗೆದು ಲೆವಿಟ್ ಮತ್ತು ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ವಿಮರ್ಶೆ ಬೇರೆಯದನ್ನೇ ಹೇಳಿತು. ಬೆಳಕನ್ನು ಬದಲಿಸುತ್ತಿದ್ದುದು ರಜೆಯ ದಿನವಾದ ಭಾನುವಾರ. ಬದಲಾವಣೆಯ ಮೊದಲ ದಿನ ಸೋಮವಾರ. ಬೆಳಕು ಬದಲಾಗದ ವಾರಗಳಲ್ಲಿಯೂ ಸೋಮವಾರದ ಕೆಲಸ ಶನಿವಾರದ್ದಕ್ಕಿಂತ ಹೆಚ್ಚಾಗಿಯೇ ಇತ್ತು. ವಾರದ ದಿನವೊಂದು ಹೀಗೆ ದೀಪದ ಕೀರ್ತಿಯನ್ನು ಪಡೆಯಿತು. ನಮ್ಮ ಗುಬ್ಬಿಯ ನಿದರ್ಶನಕ್ಕೂ ಇದೇ ಆಕ್ಷೇಪ ಸಲ್ಲುತ್ತದೆ. ಸುಗ್ಗಿ ಮುಂದುವರಿದಂತೆ ಕಾಯಿಯ ಹದ ಬದಲಾಗುತ್ತದೆ, ಕೈ ಪಳಗುತ್ತದೆ. ಆ ನಾಲ್ಕು ಕಿಲೋ ಅದರಿಂದಲೂ ಬಂದಿರಬಹುದು. ಅರ್ಧ ಜನರಿಗೆ ಮೊದಲು ಹಳೆಯ ಆಸನ, ಇನ್ನರ್ಧಕ್ಕೆ ಮೊದಲು ಹೊಸದು ಎಂದು ಚೀಟಿ ಎತ್ತಿ ಹಂಚಿದ್ದರೆ ಈ ಸಂದೇಹಕ್ಕೆ ಎಡೆ ಬಹುಮಟ್ಟಿಗೆ ತಪ್ಪುತ್ತಿತ್ತು.

ಈ ಎಚ್ಚರವನ್ನು ಪಾಲಿಸಿದ ಅಧ್ಯಯನಗಳು ನಮ್ಮ ಸಮೀಪದಲ್ಲಿಯೇ ನಡೆದಿವೆ. ಬೆಂಗಳೂರಿನ ಸುತ್ತಣ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಎಲ್.ಇ.ಡಿ. ದೀಪಗಳ ಪರಿಣಾಮವನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವು ಪ್ರತಿ ಹೊಲಿಗೆ ಸಾಲಿನ ದಿನದಿನದ ಉತ್ಪನ್ನವನ್ನು ಹವಾಮಾನದ ಅಂಕಿಗಳೊಡನೆ ಸೇರಿಸಿ ನೋಡಿತು. ಕಡಿಮೆ ಶಾಖ ಹೊರಡಿಸುವ ಆ ದೀಪಗಳಿಂದ ಬಿಸಿಲಿನ ದಿನಗಳಲ್ಲಿ ಕೆಲಸ ಹೆಚ್ಚಿತೆಂದು ಕಂಡುಕೊಂಡಿತು. ಮುಂಬಯಿಯ ಸಮೀಪದ 17 ಬಟ್ಟೆ ಸಂಸ್ಥೆಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಆಡಳಿತ ಸುಧಾರಣೆಯ ಪ್ರಯೋಗದಲ್ಲಿ ಮೊದಲ ವರ್ಷದಲ್ಲಿಯೇ ಉತ್ಪಾದಕತೆ ನೂರಕ್ಕೆ 17ರಷ್ಟು ಏರಿತು. ಮಗ್ಗಗಳು ಬಹಳವಿದ್ದರೂ ಸಂಸ್ಥೆಗಳು ಹದಿನೇಳೇ ಎಂಬುದನ್ನು ಆ ಸಂಶೋಧಕರು ಮರೆಯಲಿಲ್ಲ. ದೊಡ್ಡ ಸಂಖ್ಯೆಗಳಿಗೆ ಹೇಳಿಸಿದ ಪರೀಕ್ಷೆಯನ್ನು ಮಾತ್ರ ನೆಚ್ಚದೆ, ಸಂಸ್ಥೆಗಳ ಹಂಚಿಕೆಯನ್ನು ಅದಲುಬದಲು ಮಾಡಿ ಎಣಿಸುವ ಕ್ರಮಪಲ್ಲಟ ಪರೀಕ್ಷೆಯನ್ನೂ ಬಳಸಿದರು. ಬೀಡಿಯ ನಿದರ್ಶನದಲ್ಲಿ ನಾವು ಕಂಡ ತತ್ತ್ವವೇ ಇದು: ಘಟಕ ಯಾವುದೊ, ಲೆಕ್ಕವೂ ಅದರದ್ದಾಗಿರಬೇಕು.

9. ಉಪಸಂಹಾರ

ಈವರೆಗಿನ ವಿವೇಚನೆಯನ್ನು ಸಂಗ್ರಹಿಸಿ ಹೇಳುವುದಾದರೆ, ಅಧ್ಯಯನಕ್ಕೆ ಹೊರಟವರು ಈ ಕ್ರಮವನ್ನು ಅನುಸರಿಸಬಹುದು. ಮೊದಲು ಘಟಕವನ್ನು ಗುರುತಿಸಬೇಕು: ಮನುಷ್ಯನೊ, ಮನೆಯೊ, ಕಾರ್ಖಾನೆಯೊ. ಅನಂತರ ಅಳತೆಯ ಸ್ವರೂಪವನ್ನು ನೋಡಬೇಕು. ಹೌದು-ಅಲ್ಲ ಎಂಬ ಎಣಿಕೆಯಾದರೆ ಕೈ-ವರ್ಗ, ಅದೇ ಜನರದಾದರೆ ಮ್ಯಾಕ್ನೆಮರ್. ತೂಕ ಸಮಯಗಳ ಅಳತೆಯಾಗಿ ಎರಡು ಬೇರೆ ಗುಂಪುಗಳಿದ್ದರೆ ವೆಲ್ಷನ ಟಿ-ಪರೀಕ್ಷೆ ಅಥವಾ ಮಾನ್-ವಿಟ್ನಿ. ಒಂದೇ ಗುಂಪನ್ನು ಎರಡು ಬಾರಿ ಅಳೆದಿದ್ದರೆ ಜೋಡಿ ಟಿ-ಪರೀಕ್ಷೆ ಅಥವಾ ವಿಲ್ಕಾಕ್ಸನ್. ಮೂರು ಅಥವಾ ಹೆಚ್ಚು ಗುಂಪುಗಳಿಗೆ ವಿಚಲನೆಯ ವಿಶ್ಲೇಷಣೆ ಅಥವಾ ಕ್ರಸ್ಕಲ್-ವಾಲಿಸ್; ಅವೇ ಜನರಾದರೆ ಫ್ರೀಡ್‌ಮನ್. ಕಾಲಕ್ರಮದ ಅಂಕಿಗಳಾದರೆ ಹಿಂಚಲನೆ. ಕೊನೆಗೆ, ಫಲವನ್ನು ಹೇಳುವಾಗ ಸಂಭವನೀಯತೆಯೊಡನೆ ವ್ಯತ್ಯಾಸದ ಗಾತ್ರವನ್ನೂ ವಿಶ್ವಾಸ ವ್ಯಾಪ್ತಿಯನ್ನೂ ತಪ್ಪದೆ ಕೊಡಬೇಕು.

ಶಾಸನವನ್ನು ಓದುವ ಮೊದಲು ಅದರ ಕಾಲ, ಲಿಪಿ, ಬರೆಯಿಸಿದವರ ಉದ್ದೇಶಗಳನ್ನು ವಿಚಾರಿಸುವುದು ಚರಿತ್ರಕಾರರ ಕ್ರಮ. ಕೂಲಿಯ ಲೆಕ್ಕವನ್ನು ಓದುವಾಗಲೂ ಅದೇ ವಿಚಾರ ಸಲ್ಲಬೇಕು: ಯಾರು ಎಣಿಸಿದರು, ಯಾರನ್ನು ಎಣಿಸಿದರು, ಏತಕ್ಕಾಗಿ ಎಣಿಸಿದರು? ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡು ಆರಿಸಿದ ಪರೀಕ್ಷೆಯು ದುಡಿದವರಿಗೂ ದುಡಿಸಿದವರಿಗೂ ಸಮನಾದ ನ್ಯಾಯವನ್ನು ಒದಗಿಸಬಲ್ಲದು. ನಮ್ಮ ಜಿಲ್ಲೆಯ ದುಡಿಮೆಯ ಚರಿತ್ರೆ ಇನ್ನೂ ಬಹುಮಟ್ಟಿಗೆ ಬರೆಯಲ್ಪಡಬೇಕಾಗಿದೆ. ಅದನ್ನು ಬರೆಯಹೊರಡುವ ತರುಣ ಸಂಶೋಧಕರಿಗೆ ಈ ಲೇಖನವು ಕಿಂಚಿತ್ತಾದರೂ ನೆರವಾದರೆ ನಮ್ಮ ಶ್ರಮ ಸಾರ್ಥಕವೆಂದು ಭಾವಿಸುತ್ತೇವೆ.